ನೀರಿಗಿಂತ ಮೊದಲು ಎರಡು ಮಾತು

ಬೆಟಗೇರಿಯ ಮಗ್ಗದ ಓಣಿಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಸಿಹಿನೀರು ಬರುತ್ತದೆ. ಅದಕ್ಕೆ ಬೇಸರಪಡುವುದನ್ನು ಅಲ್ಲಿಯವರು ಬಿಟ್ಟು ಎಷ್ಟೋ ವರ್ಷವಾಯಿತು. ನೀರಿಗಿಂತ ಅದು ಯಾವಾಗ ಬರುತ್ತದೆ ಎಂಬ ಖಬರಿಗೇ ಅಲ್ಲಿ ಬೆಲೆ ಹೆಚ್ಚು. ಆ ಖಬರು ಹೇಳುತ್ತದೆ ಎಂಬ ಒಂದೇ ಕಾರಣಕ್ಕೆ, ಎಪ್ಪತ್ತು ದಾಟಿದ ಗುರುಸಿದ್ದವ್ವ ದಿನಾ ಮುಂಜಾನೆ ಕಟ್ಟೆಯ ಮೇಲೆ ರೇಡಿಯೋ ಹಚ್ಚಿಟ್ಟುಕೊಂಡು, ತನಗೆ ಕಂಡರಾಗದ ಮನುಷ್ಯನೊಬ್ಬನ ಮಾತು ಕೇಳುತ್ತಿದ್ದಳು.

ಆ ಮನುಷ್ಯ ಅಂಬರೀಶ. ಮೂಲ ಮುಂಡರಗಿಯವನು. ಕಡಲೆ, ಶೇಂಗಾ ವ್ಯಾಪಾರದಲ್ಲಿ ದುಡ್ಡು ಮಾಡಿ, ದುಡ್ಡಿನಿಂದ ಟ್ರಸ್ಟು ಮಾಡಿ, ಟ್ರಸ್ಟಿನಿಂದ ಗದಗಿನಲ್ಲಿ ‘ಸಿರಿಕೊರಳು’ ಎಂಬ ಸಮುದಾಯ ರೇಡಿಯೋ ತೆರೆದಿದ್ದ. ಊರವರ ಮಾತು ಊರವರಿಗೆ ಕೇಳಿಸುವುದೇ ಸಮುದಾಯ ರೇಡಿಯೋ ಎಂದು ಉದ್ಘಾಟನೆಯ ದಿನ ಯಾರೋ ಭಾಷಣ ಮಾಡಿದ್ದರು. ಅಂದಿನಿಂದ ಆ ರೇಡಿಯೋದಲ್ಲಿ ಮಾತಾಡಿದ ಊರವನು ಅಂಬರೀಶ ಒಬ್ಬನೇ. ಮುಂಜಾನೆಯ ಅವನ ಚಿಂತನಕ್ಕೆ ‘ಅಂಬರವಾಣಿ’ ಎಂದು ಹೆಸರು. ಹೆಸರಿಟ್ಟವನೂ ಅವನೇ. ನಸುಕಿನಲ್ಲೆದ್ದು ಮಗ್ಗಕ್ಕೆ ಇಳಿಯುವ ಜನರಿಗೆ ಅವನು ಬೇಗ ಏಳುವುದರ ಲಾಭ ಹೇಳುತ್ತಿದ್ದ. ಒಪ್ಪತ್ತು ಉಣ್ಣುವವರಿಗೆ ಮಿತಾಹಾರ ಬೋಧಿಸುತ್ತಿದ್ದ. ಅದೂ ಎಂಥ ಕನ್ನಡದಲ್ಲಿ! ಮುಂಡರಗಿಯ ಬೀದಿಯಲ್ಲಿ ಬೆಳೆದ ನಾಲಿಗೆಗೆ ಜರಿಯ ರುಮಾಲು ಸುತ್ತಿದ ಹಾಗೆ, ಒಂದೊಂದು ಅಕ್ಷರವನ್ನೂ ಒರೆಸಿ, ಮಡಿಸಿ ಇಡುತ್ತಿದ್ದ.

ರೇಡಿಯೋ ಎಂದರೆ ಗುರುಸಿದ್ದವ್ವನಿಗೆ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದದ್ದು ಅದರೊಳಗೆ ಹೊಕ್ಕು ಕುಳಿತವನ ಮೇಲೆ. ಗಂಡ ಬದುಕಿದ್ದಾಗ ಮಗ್ಗದ ಗುಂಡಿಯ ಪಕ್ಕ ಒಂದು ಮರ್ಫಿ ಸೆಟ್ಟು ಇತ್ತು. ಅದು ವೇಳೆ ಹೇಳುತ್ತಿತ್ತು, ಮಳೆ ಹೇಳುತ್ತಿತ್ತು, ಒಂದು ಹಾಡು ಹಾಡಿ ಸುಮ್ಮನಾಗುತ್ತಿತ್ತು. ಕೇಳುವವರಿಗೂ ಕೆಲಸ ಇರುತ್ತದೆ ಎಂಬುದು ಆ ಕಾಲದ ರೇಡಿಯೋಕ್ಕೆ ಗೊತ್ತಿತ್ತು. ಈಗಿನದು ಕಾಲು ಚಾಚಿ ಪಡಸಾಲೆಯಲ್ಲಿ ಕೂತ ನೆಂಟನ ಹಾಗೆ, ಏಳು ಎಂದರೂ ಏಳುವುದಿಲ್ಲ.

ಮೊದಮೊದಲು ನೀರಿನ ಖಬರು ಹೇಳುವುದಕ್ಕೆ ಪದ್ಧತಿಯೊಂದಿತ್ತು. ನೀರು ಬಿಡುವ ನಂದೀಶ ಮುಂಜಾನೆ ಸ್ಟೇಷನ್ನಿಗೆ ಫೋನು ಮಾಡಿ ಈಗ ಯಾವ ಓಣಿಗೆ ನೀರು ಬಿಡುತ್ತೇನೆ ಎಂದು ಹೇಳುತ್ತಿದ್ದ. ಅನೀಸ ಎಂಬ ಹುಡುಗಿ ಅದನ್ನು ಕೂಡಲೇ ಓದುತ್ತಿದ್ದಳು. ಗಂಟೆಯಂಥ ಧ್ವನಿ ಅವಳದು, ಎರಡು ಸಾಲಿಗೆ ಮುಗಿಸುತ್ತಿದ್ದಳು. ಆ ಎರಡು ಸಾಲಿಗಾಗಿಯೇ ಗದಗ ಬೆಟಗೇರಿಯ ಮನೆಮನೆಯಲ್ಲೂ ಸಿರಿಕೊರಳು ಹಾಡತೊಡಗಿತು. ಅಂಬರೀಶ ಅದನ್ನು ಗಮನಿಸಿದ. ಜನ ಕೇಳುತ್ತಿರುವುದು ಏನನ್ನು ಎಂಬುದನ್ನಲ್ಲ, ಜನ ಕೇಳುತ್ತಿದ್ದಾರೆ ಎಂಬುದನ್ನು ಮಾತ್ರ ಗಮನಿಸಿದ. ಮರುವಾರದಿಂದ ನೀರಿನ ಖಬರು ಅಂಬರವಾಣಿಯ ಕೊನೆಗೆ ಹೋಯಿತು. ಚಿಂತನ ಮುಗಿಯುವವರೆಗೆ ಕಾಯಬೇಕು. ಕಾಯುವವರು ಹೆಚ್ಚಾದಂತೆ ಚಿಂತನವೂ ಉದ್ದವಾಯಿತು.

“ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದನಂತ,” ಎಂದಳು ಗುರುಸಿದ್ದವ್ವ. “ಇಂವಗ ಮೈಕ್ ಸಿಕ್ಕೈತಿ. ಹಗಲ ರಾತ್ರಿ ಎರಡೂ ಹೊತ್ತು ಹಿಡಿತಾನ.”

ಪಕ್ಕದ ಮನೆಯ ಲಾಲಬಿ ನಕ್ಕು, “ಬೈಕೋತನಾರ ಕೇಳಬೇಕಲ್ಲಕ್ಕ. ನೀರು ಅಂವನ ಬಾಯಾಗ ಐತಿ,” ಎಂದಳು.

ಆ ಬಾರಿ ನೀರಿನ ಚಿಂತೆ ಗುರುಸಿದ್ದವ್ವನಿಗೆ ಎಂದಿಗಿಂತ ಹೆಚ್ಚಾಗಿತ್ತು. ಮೊಮ್ಮಗಳು ಸ್ನೇಹಾ ಬಾಣಂತನಕ್ಕೆ ಬಂದಿದ್ದಳು. ಚೊಚ್ಚಿಲ ಕೂಸು, ಹೆಣ್ಣು. ಓಣಿಯ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ. ಅದನ್ನೇ ಎರೆದು ಕೂಸಿನ ಮೈಯೆಲ್ಲ ಕೆಂಪು ದದ್ದು ಎದ್ದಿತ್ತು. ಟ್ಯಾಂಕರ್ ತರಿಸೋಣ ಎಂದರೆ ಓಣಿಯ ಬಾಯಿ ಬಂಡಿಗೇ ಸಾಲದು. ತೊಟ್ಟಿಲ ಕಾರ್ಯಕ್ಕೆ ಲಕ್ಷ್ಮೇಶ್ವರದ ಬೀಗರು ಮಂದಿ ಕಟ್ಟಿಕೊಂಡು ಬರುವವರಿದ್ದರು. ಬಂದವರ ಕಾಲಿಗೆ ಸವಳು ನೀರು ಕೊಟ್ಟರೆ, ಮೊಮ್ಮಗಳು ಆ ಮಾತನ್ನು ಆಯುಷ್ಯಪೂರ್ತಿ ಗಂಡನ ಮನೆಯಲ್ಲಿ ಕೇಳಬೇಕಾಗುತ್ತಿತ್ತು.

ಪಾಳಿಯ ದಿನ ಬಂತು. ಓಣಿಯ ಮೂಲೆಯ ನಳದ ಮುಂದೆ ಕೊಡಗಳು ಸಾಲಾಗಿ ಕುಳಿತವು. ಮಗ್ಗದ ಓಣಿಯಲ್ಲಿ ಕೊಡ ನಿಂತರೆ ಮನುಷ್ಯ ನಿಂತ ಹಾಗೆ. ಕೊಡವನ್ನು ಹಿಂದೆ ಸರಿಸಿದವರ ಜೊತೆ ಎರಡು ತಲೆಮಾರು ಮಾತು ಬಿಡುವ ಜನ ಅವರು. ಹೀಗಾಗಿ ಕೊಡಗಳನ್ನು ನಿಲ್ಲಿಸಿ ಹೆಂಗಸರೆಲ್ಲ ಗುರುಸಿದ್ದವ್ವನ ಕಟ್ಟೆಗೆ ಬಂದು, ನೆರಳಿನಲ್ಲಿ ರೇಡಿಯೋದ ಸುತ್ತ ಕುಳಿತರು.

ಅಂದಿನ ಅಂಬರವಾಣಿಯ ವಿಷಯ ‘ನೀರಿನ ಮಹತ್ವ’.

“ಆತ್ಮೀಯ ಕೇಳುಗರೇ, ಜಲವೇ ಜೀವನ,” ಎಂದು ಶುರುಮಾಡಿದ ಅಂಬರೀಶ. ಹಲ್ಲುಜ್ಜುವಾಗ ನಳ ಬಂದ್ ಮಾಡಬೇಕೆಂದ. ಶವರ್ ಬಿಟ್ಟು ಬಕೆಟ್ಟು ಬಳಸಬೇಕೆಂದ. ತಂಬಿಗೆಯಲ್ಲಿ ಮುಖ ತೊಳೆದು ಅದೇ ನೀರನ್ನು ತುಳಸಿಗೆ ಹಾಕುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿ ಖಬರು ತಪ್ಪುತ್ತದೋ ಎಂದು ಗುರುಸಿದ್ದವ್ವ ರೇಡಿಯೋದ ಕಿವಿಯನ್ನು ಪೂರಾ ತಿರುವಿಟ್ಟಿದ್ದಳು. ಓಣಿ ತುಂಬ ಅಂಬರೀಶನ ಕೊರಳು.

ನಳಕ್ಕೆ ನೀರು ಬರುವ ಮುಂಚೆ ಪೈಪಿನಲ್ಲಿ ಗಾಳಿ ಬುಸುಗುಟ್ಟುತ್ತದೆ. ಆ ಬುಸ್ಸೆಂಬ ಸದ್ದಿಗೆ ಮಗ್ಗದ ಓಣಿಯ ಹೆಂಗಸರು ನಿದ್ದೆಯಲ್ಲೂ ಎದ್ದು ಕೂರುತ್ತಾರೆ. ಅಂದು ಒಬ್ಬಳಿಗೂ ಅದು ಕೇಳಲಿಲ್ಲ. ನಂದೀಶ ತನ್ನ ವೇಳೆಗೆ ಸರಿಯಾಗಿ ವಾಲ್ವು ತಿರುವಿ ಹೋಗಿದ್ದ. ನೀರು ಬಂತು. ಸಾಲಿನ ಮೊದಲ ಕೊಡ ತುಂಬಿತು, ಹೊರಳಿತು, ಉಳಿದದ್ದೆಲ್ಲ ಗಟಾರಿಗೆ ಹರಿಯಿತು. ಇತ್ತ ಕಟ್ಟೆಯ ಮೇಲೆ ಇಡೀ ಓಣಿ ಮೈಯೆಲ್ಲ ಕಿವಿಯಾಗಿ ನೀರನ್ನು ಹೇಗೆ ಉಳಿಸಬೇಕೆಂದು ಕೇಳುತ್ತ ಕುಳಿತಿತ್ತು. ಕೊನೆಗೂ ಅನೀಸಳ ಧ್ವನಿ ಬಂದು, “ಕೇಳುಗರೇ, ಬೆಟಗೇರಿಯ ಮಗ್ಗದ ಓಣಿಗೆ ಈಗ ನೀರು ಬಿಡಲಾಗುತ್ತಿದೆ,” ಎಂದಾಗ ಎಲ್ಲರೂ ಎದ್ದು ಓಡಿದರು. ನಳ ಎರಡು ಸಲ ಕೆಮ್ಮಿ, ನಾಲ್ಕು ಹನಿ ಉದುರಿಸಿ ನಿಂತುಹೋಯಿತು.

ಹೆಂಗಸರು ಮೊದಲು ಪರಸ್ಪರ ಜಗಳಾಡಿದರು. ಆಮೇಲೆ ತುಂಬಿ ಹೊರಳಿದ ಆ ಒಂದು ಕೊಡದವಳ ಜೊತೆ ಜಗಳಾಡಿದರು. ಎಲ್ಲ ಮುಗಿದ ಮೇಲೆ ಗುರುಸಿದ್ದವ್ವ ಸೆರಗು ಸೊಂಟಕ್ಕೆ ಸಿಗಿಸಿ, “ಬರ್ರಿ, ಖರೇ ಕಳ್ಳನ ಮನಿಗೆ ಹೋಗೂಣು,” ಎಂದು ಎರಡು ಆಟೋ ತುಂಬ ಹೆಂಗಸರನ್ನು ಕರೆದುಕೊಂಡು ಗದಗಿಗೆ ಹೋದಳು.

ಸ್ಟೇಷನ್ನಿನ ಗೋಡೆಯ ತುಂಬ ಅಂಬರೀಶನ ಫೋಟೋ. ಮೈಕಿನ ಮುಂದೆ ಅಂಬರೀಶ, ಶಾಲು ಹೊದ್ದ ಅಂಬರೀಶ, ಯಾವುದೋ ಸ್ವಾಮಿಗಳ ಪಕ್ಕ ತಲೆ ಬಾಗಿಸಿದ ಅಂಬರೀಶ. ಒಳಗಿನ ಅಂಬರೀಶ ಕೈ ಮುಗಿದು ಎದ್ದು ನಿಂತ. ಗುರುಸಿದ್ದವ್ವ ನಡೆದದ್ದನ್ನು ನಡೆದ ಹಾಗೆ ಹೇಳಿದಳು. “ನಿಮ್ಮ ಮಾತಿನಾಗ ನಮ್ಮ ನೀರು ಹರದು ಗಟಾರಕ್ಕ ಹೋತ್ರಿ. ಮನ್ಯಾಗ ಬಾಣಂತಿ ಅದಾಳ. ಕೂಸಿನ ಮೈ ನೋಡಾಕ ಆಗವಲ್ಲದು. ನೀರಿನ ಮಾತು ಮೊದ್ಲ ಹೇಳ್ರಿ, ನಿಮ್ಮ ಚಿಂತನ ಆಮ್ಯಾಲ ಹೇಳ್ಕೊಳ್ರಿ.”

ಅಂಬರೀಶನ ಕಣ್ಣಲ್ಲಿ ನೀರಾಡಿತು. “ಅಂದರೆ, ನಳದಲ್ಲಿ ನೀರು ಬಂದರೂ ತಾವು ಅಂಬರವಾಣಿ ಬಿಟ್ಟು ಏಳಲಿಲ್ಲ!” ಎಂದ. ಅನೀಸಳ ಕಡೆ ತಿರುಗಿ, “ನೋಡಿದೆಯಾ, ಇವರು ಕೇಳುಗರು,” ಎಂದ. ಅನೀಸ ತಲೆ ತಗ್ಗಿಸಿ ಮೇಜಿನ ಗೀರುಗಳನ್ನು ನೋಡತೊಡಗಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನೆ ನಿಲ್ಲುತ್ತದೆ. ಈ ಕೋಣ ತನ್ನನ್ನೇ ಹೊಗಳಿದರೆಂದು ತಲೆದೂಗುತ್ತಿತ್ತು.

ಸಮಸ್ಯೆಗೆ ಪರಿಹಾರವನ್ನೂ ಅಂಬರೀಶ ಅಲ್ಲೇ ಹುಡುಕಿದ. ಮಾತು ಗಿಡ್ಡ ಮಾಡುವ ವಿಚಾರ ಅವನಿಗೆ ಹೊಳೆಯಲೂ ಇಲ್ಲ. ನೀರು ಬಿಡುವ ಗುತ್ತಿಗೆದಾರ ಅವನ ಹೆಂಡತಿಯ ತಮ್ಮ. ಅವನಿಗೆ ಫೋನು ಹಚ್ಚಿ ಹುಕುಂ ಕೊಟ್ಟೇಬಿಟ್ಟ. ಇನ್ನು ಮೇಲೆ ನಂದೀಶ ತನ್ನ ವೇಳೆಗೆ ವಾಲ್ವು ತಿರುವುವಂತಿಲ್ಲ, ರೇಡಿಯೋ ಹಚ್ಚಿಕೊಂಡು ವಾಲ್ವಿನ ಬಳಿ ಕೂರಬೇಕು. ‘ಈಗ ನೀರು ಬಿಡಲಾಗುತ್ತಿದೆ’ ಎಂದು ಸಿರಿಕೊರಳಿನಲ್ಲಿ ಕೇಳಿದ ಮೇಲೇ ಚಾವಿ ಮುಟ್ಟಬೇಕು. ತಪ್ಪಿದರೆ ಕೆಲಸ ಹೋಯಿತು. “ಇನ್ನು ನಿಮಗೆ ಚಿಂತೆಯಿಲ್ಲ, ನಿರಾಳವಾಗಿ ಅಂಬರವಾಣಿ ಕೇಳಿ. ನಾನು ಮುಗಿಸದೆ ನೀರು ಬರುವುದೇ ಇಲ್ಲ,” ಎಂದು ಹೆಂಗಸರಿಗೆ ಅಭಯ ಕೊಟ್ಟ. ಅಷ್ಟಕ್ಕೇ ಬಿಡದೆ ಮಗ್ಗದ ಓಣಿಯನ್ನು ‘ಆದರ್ಶ ಕೇಳುಗರ ಓಣಿ’ ಎಂದು ಸಾರಿದ. ಮುಂದಿನ ಪಾಳಿಯ ದಿನ ತಾನೇ ಬಂದು, ಅಲ್ಲಿಂದಲೇ ನೇರ ಪ್ರಸಾರ ಮಾಡುತ್ತೇನೆಂದ.

ಆಟೋದಲ್ಲಿ ಮರಳುವಾಗ ಲಾಲಬಿ ಕುದಿಯುತ್ತಿದ್ದಳು. “ಎಂಥಾ ಬುದ್ಧಿಗೇಡಿ ಅದಾನಕ್ಕ! ನಳಕ್ಕ ತನ್ನ ನಾಲಿಗಿ ಕಟ್ಟಿದನಲ್ಲ!”

ಗುರುಸಿದ್ದವ್ವ “ಹೂಂ, ಕಟ್ಟ್ಯಾನ,” ಎಂದಳಷ್ಟೇ.

ಮುಂದಿನ ಪಾಳಿಯವರೆಗಿನ ದಿನಗಳು ಆ ಮನೆಯಲ್ಲಿ ಹೇಗೆ ಹೋದವು ಎಂದು ಹೇಳಲು ಸಂಕಟವಾಗುತ್ತದೆ. ಕುಡಿಯಲು ಕ್ಯಾನಿನ ನೀರು, ಉಳಿದದ್ದಕ್ಕೆಲ್ಲ ಸವಳು. ಸ್ನೇಹಾ ಕೂಸಿನ ದದ್ದಿಗೆ ಕೊಬ್ಬರಿ ಎಣ್ಣೆ ಸವರುತ್ತ ತಾನೂ ಅಳುತ್ತಿದ್ದಳು. ಪಾಳಿಯ ಮರುದಿನವೇ ತೊಟ್ಟಿಲು. ಮುಹೂರ್ತ ಮುಂದೂಡೋಣವೆಂದು ಲಕ್ಷ್ಮೇಶ್ವರಕ್ಕೆ ಫೋನು ಮಾಡಿದರೆ, “ನೀರಿಲ್ಲಂತ ಯಾರರ ತೊಟ್ಟಿಲ ಮುಂದ ಹಾಕ್ತಾರೇನ್ರಿ?” ಎಂದು ಬೀಗಿತಿ ನಕ್ಕಳು. ಆ ನಗೆ ಗುರುಸಿದ್ದವ್ವನಿಗೆ ಚುಚ್ಚಿತು.

ಪಾಳಿಯ ದಿನ ಓಣಿಯಲ್ಲಿ ಪೆಂಡಾಲು ಎದ್ದಿತು. ಕೆಂಪು ಕುರ್ಚಿ, ಮೇಜು, ಹೂವಿನ ಹಾರ. ಬಟ್ಟೆಯ ಫಲಕದಲ್ಲಿ ಅಂಬರೀಶನ ಮುಖ ಓಣಿಯ ಯಾವ ಬಾಗಿಲಿಗಿಂತಲೂ ದೊಡ್ಡದಾಗಿತ್ತು. ಅನೀಸ ಫೋನಿಗೆ ಏನೇನೋ ತಂತಿ ಜೋಡಿಸಿ ಸ್ಟೇಷನ್ನಿಗೆ ಕೊಂಡಿ ಹಾಕಿದಳು. ಹೆಂಗಸರು ನಳದ ಮುಂದೆ ಕೊಡ ನಿಲ್ಲಿಸಿ ಬಂದು ಕುರ್ಚಿಯಲ್ಲಿ ಕುಳಿತರು. ಗುರುಸಿದ್ದವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಆದರ್ಶ ಕೇಳುಗಿಯೆಂದು ಅವಳಿಗೆ ನಡುವೆ ಶಾಲು ಹೊದಿಸುವ ಕಾರ್ಯಕ್ರಮವಿತ್ತು.

ಅಂಬರೀಶ ಶುರುಮಾಡಿದ. ಅಂದಿನ ವಿಷಯ ‘ಆಲಿಸುವ ಕಲೆ’. ಒಳ್ಳೆಯ ಕೇಳುಗನಾಗುವುದು ಹೇಗೆಂದು ಕೇಳುಗರಿಗೆ ಹೇಳತೊಡಗಿದ. ತನ್ನ ಬಾಲ್ಯಕ್ಕೆ ಹೋದ, ಬಾಲ್ಯದಿಂದ ಸಿಂಗಪುರದ ಪ್ರವಾಸಕ್ಕೆ ಹೋದ, ಅಲ್ಲಿಂದ ಹೊರಡುವ ಲಕ್ಷಣವೇ ಕಾಣಲಿಲ್ಲ. ಬಿಸಿಲು ಏರಿತು. ಮಧ್ಯಾಹ್ನವಾದರೆ ನೀರು ಇನ್ನೊಂದು ಭಾಗಕ್ಕೆ ತಿರುಗುತ್ತದೆ, ಆಮೇಲೆ ಈ ಓಣಿಗೆ ಮತ್ತೆ ಹತ್ತು ಹನ್ನೆರಡು ದಿನ. ಗುರುಸಿದ್ದವ್ವ ಲಾಲಬಿಗೆ ಕಣ್ಣು ಮಾಡಿದಳು. ಲಾಲಬಿ ಮೆಲ್ಲಗೆ ಎದ್ದು ವಾಲ್ವಿನ ಕಡೆ ಹೋಗಿ, ಸಪ್ಪೆ ಮುಖ ಹೊತ್ತು ಬಂದಳು.

“ನಂದೀಶ ಅಲ್ಲೇ ಅದಾನಕ್ಕ. ಕಿವ್ಯಾಗ ವಾಯರ್ ಹಾಕ್ಕೊಂಡು, ಚಾವಿ ಹಿಡಕೊಂಡ ಕುಂತಾನ. ‘ಬಿಡೋ ತಮ್ಮಾ, ಬಾಣಂತಿ ಅದಾಳ’ ಅಂದೆ. ‘ರೇಡಿಯೋದಾಗ ಹೇಳಲಾರದ ಮುಟ್ಟಿದ್ರ ನನ್ನ ಹೊಟ್ಟಿ ಮ್ಯಾಲ ಕಲ್ಲು ಬೀಳತೈತಿ ಯವ್ವಾ’ ಅಂತಾನ. ಅಂವಂದೂ ಕಣ್ಣಾಗ ನೀರು ಬಂದಿದ್ವು.”

ಒಳಗಿನಿಂದ ಕೂಸು ಅತ್ತ ಸದ್ದು ಬಂತು. ಅಂಬರೀಶ ಮಾತು ನಿಲ್ಲಿಸದೆ, ಆ ಕಡೆ ನೋಡಿ ಹುಬ್ಬು ಗಂಟಿಕ್ಕಿದ. ಗುರುಸಿದ್ದವ್ವ ಈ ಆಯುಷ್ಯದಲ್ಲಿ ಯಾರ ಬಾಗಿಲಿಗೂ ಹೋಗಿ ಕೈ ಚಾಚಿದವಳಲ್ಲ. ಈಗ ತನ್ನ ಓಣಿಯಲ್ಲೇ, ತನ್ನ ಪಾಳಿಯ ನೀರಿಗಾಗಿ, ಈ ಮಾತಿನ ಮಲ್ಲನ ಮುಂದೆ ಚಪ್ಪಾಳೆ ತಟ್ಟುತ್ತ ಕೂತಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕೊನೆಗೆ ಶಾಲಿನ ಹೊತ್ತು ಬಂತು. ಅಂಬರೀಶ ಅವಳ ಹೆಗಲಿಗೆ ಶಾಲು ಹೊದಿಸಿ, ಫೋಟೋದವನ ಕಡೆ ಮುಖ ಮಾಡಿ ನಿಂತು, ಮೈಕನ್ನು ತನ್ನ ಮುಷ್ಟಿಯಲ್ಲೇ ಹಿಡಿದು ಅವಳ ಬಾಯಿಯ ಹತ್ತಿರ ತಂದ. “ತಾಯಿ, ಅಂಬರವಾಣಿಯಿಂದ ತಮ್ಮ ಬದುಕಿನಲ್ಲಿ ಆದ ಬದಲಾವಣೆ ಏನು? ನಾಡು ಕೇಳುತ್ತಿದೆ, ಎರಡೇ ಮಾತು ಹೇಳಿ. ಆಮೇಲೆ ನಾನು ವಿಷಯ ಮುಂದುವರಿಸುತ್ತೇನೆ.”

ಗುರುಸಿದ್ದವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಎಷ್ಟೋ ಮುಂಜಾನೆ ಕಾದು ಕಾದು ಕೇಳಿದ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಅನೀಸ ಹೇಳುವ ಹಾಗೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ, ಅಚ್ಚ ರೇಡಿಯೋದ ಕನ್ನಡದಲ್ಲಿ ಹೇಳಿದಳು.

“ಕೇಳುಗರೇ, ಬೆಟಗೇರಿಯ ಮಗ್ಗದ ಓಣಿಗೆ ಈಗ ನೀರು ಬಿಡಲಾಗುತ್ತಿದೆ.”

ಅನೀಸ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ತಂತಿ ಕೀಳಲಿಲ್ಲ. ಅಂಬರೀಶ ಹಲ್ಲು ಕಿರಿದುಕೊಂಡು, “ತಾಯಿ ತಮಾಷೆ ಮಾಡುತ್ತಿದ್ದಾರೆ, ನೀರಿಗೆ ಇನ್ನೂ…” ಎನ್ನುವಷ್ಟರಲ್ಲಿ ಮೂಲೆಯ ನಳ ಬುಸುಗುಟ್ಟಿತು. ಕಿವಿಯಲ್ಲಿ ಮಾತು ಬೀಳುವುದೇ ತಡ, ನಂದೀಶ ಚಾವಿ ತಿರುವಿಬಿಟ್ಟಿದ್ದ. ಮುಂದಿನ ಮಾತು ಕೇಳಲು ಅವನು ಕಿವಿಯಲ್ಲಿ ವಾಯರ್ ಇಟ್ಟುಕೊಂಡಿದ್ದರೆ ತಾನೇ!

ಕುರ್ಚಿಗಳು ಮಗುಚಿ ಬಿದ್ದವು. ಆದರ್ಶ ಕೇಳುಗರು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಹಾರ ಹಿಡಿದು ನಿಂತಿದ್ದವಳು ಹಾರವನ್ನು ಮೇಜಿನ ಕಾಲಿಗೆ ಹಾಕಿ ಓಡಿದಳು. ಪೆಂಡಾಲಿನವರೂ ಬೆಟಗೇರಿಯವರೇ, ಕಂಬ ಬಿಟ್ಟು ಮನೆಗೆ ಹಂಡೆ ತರಲು ಓಡಿದರು. “ಏ, ನನ್ನ ಕೊಡ ಮೊದ್ಲಿತ್ತು!” “ನಿನ್ನ ಕೊಡ ತಗೊಂಡ ಹೋಗಿ ಭಾವ್ಯಾಗ ಹಾಕ!” ಹಿತ್ತಾಳೆ, ಪ್ಲಾಸ್ಟಿಕ್ಕು, ಬೈಗುಳ, ನಗೆ ಎಲ್ಲ ಅನೀಸಳ ತಂತಿಯೊಳಗೆ ಹೊಕ್ಕು ಊರ ತುಂಬ ಹೋಯಿತು. ಸಿರಿಕೊರಳು ಶುರುವಾದಂದಿನಿಂದ ಊರವರ ಮಾತು ಊರವರಿಗೆ ಕೇಳಿಸಿದ್ದು ಅದೇ ಮೊದಲು.

ಅಂಬರೀಶ ಖಾಲಿ ಕುರ್ಚಿಗಳಿಗೆ ತುಸು ಹೊತ್ತು ಆಲಿಸುವ ಕಲೆ ಹೇಳಿದ. ನಡುವೆ ಗಂಟಲು ಕಟ್ಟಿತು. ಮೇಜಿನ ಮೇಲಿನ ನೀರಿನ ಬಾಟಲಿ ಸಿಂಗಪುರದಲ್ಲೇ ಬರಿದಾಗಿತ್ತು.

ಗುರುಸಿದ್ದವ್ವನ ಮನೆಯಲ್ಲಿ ಹಂಡೆ ತುಂಬಿತು, ತೊಟ್ಟಿ ತುಂಬಿತು, ಕೊಡ, ಚರಿಗೆ, ಗಂಗಾಳ, ತುಂಬಬಹುದಾದದ್ದೆಲ್ಲ ತುಂಬಿತು. ಬಚ್ಚಲಲ್ಲಿ ಸ್ನೇಹಾ ಕಾಲ ಮೇಲೆ ಕೂಸನ್ನು ಹಾಕಿಕೊಂಡು ಕಾದ ಸಿಹಿನೀರು ಎರೆಯುತ್ತಿದ್ದಳು. ಸನ್ಮಾನದ ಶಾಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು ಕೊನೆಯ ಕೊಡ ಹೊತ್ತು ತಂದ ಗುರುಸಿದ್ದವ್ವ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡಳು. ಎದುರಿಗೆ ಅಂಬರೀಶ ಬಂದು ನಿಂತಿದ್ದ. ಸಿಟ್ಟಾಗಲೂ ತ್ರಾಣವಿರದ ಮುಖ.

“ಆಯಿ, ಒಂದೀಟು ನೀರು ಕೊಡ. ಗಂಟಲ ಒಣಗಿ ಹೋಗೇತಿ,” ಎಂದ. ಜರಿಯ ರುಮಾಲು ಬಿಚ್ಚಿ ಬಿದ್ದು ಒಳಗಿದ್ದ ಮುಂಡರಗಿ ಹೊರಗೆ ಬಂದಿತ್ತು.

ನೀರು ಕೇಳಿದವರಿಗೆ ಇಲ್ಲ ಎನ್ನುವುದು ಗುರುಸಿದ್ದವ್ವನ ಮನೆತನದಲ್ಲೇ ಇಲ್ಲ. ಅವಳು ಇಲ್ಲ ಎನ್ನಲೂ ಇಲ್ಲ. “ಅಯ್ಯ, ಬರ್ರಿ ಸಾಹೇಬ್ರ, ಕುಂಡ್ರಿ. ನೀರಿಗೇನ ಈಗ ಬರ ಐತಿ!” ಎಂದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. ಒಳಗೆ ಹೋಗಿ, ಬಂದವರಿಗೆ ಕೊಡುವ ಪದ್ಧತಿಯಂತೆ ದೊಡ್ಡದೊಂದು ಬೆಲ್ಲದ ಹೆಂಟೆ ತಂದು ಅಂಗೈಗೆ ಹಾಕಿದಳು. ಅವನು ಅದನ್ನು ಬಾಯಿಗಿಟ್ಟುಕೊಂಡು ಕೈ ಚಾಚಿದ. ಒಣಗಿದ ಗಂಟಲಿಗೆ ಬೆಲ್ಲ ಇಳಿದರೆ ಹೇಗಿರುತ್ತದೆಂದು ಉಣ್ಣುವವರಿಗೆಲ್ಲ ಗೊತ್ತಿದೆ. ಗುರುಸಿದ್ದವ್ವ ತುಂಬಿದ ತಂಬಿಗೆಯನ್ನು ತನ್ನ ಮಗ್ಗುಲಲ್ಲಿ ಇಟ್ಟುಕೊಂಡು, ಮೇಲೆ ಅಂಗೈ ಮುಚ್ಚಿ, ಕಾಲು ಚಾಚಿ ಕುಳಿತಳು.

“ಮೊದ್ಲ ಎರಡ ಮಾತು ಕೇಳ್ರಿ. ಆಮ್ಯಾಲ ನೀರು,” ಎಂದಳು. “ನಾ ಈ ಓಣಿಗೆ ಲಗ್ನ ಆಗಿ ಬಂದಾಗ ಇಲ್ಲಿ ನಳ ಇರಲಿಲ್ರಿ. ಆಗ ನಮ್ಮತ್ತಿ ಅಂತ ಒಬ್ಬಾಕಿ ಇದ್ದಳು. ಆಕಿ ತವರಮನಿ ಶಿರಹಟ್ಟಿ. ಆ ಶಿರಹಟ್ಟಿ ಮನಿಗೆ ಒಟ್ಟ ಎಂಟ ಖೋಲಿ ಇದ್ವು. ಮೊದಲನೇ ಖೋಲಿ ಹೆಂಗಿತ್ತಪಾ ಅಂದ್ರ…”

ಅಂಬರೀಶ ಬೆಲ್ಲ ಚೀಪುತ್ತ, ತಂಬಿಗೆಯನ್ನು ನೋಡುತ್ತ ಕುಳಿತ. ಬಚ್ಚಲಿನಿಂದ ನೀರು ಸುರಿಯುವ ಸದ್ದು, ಕೂಸು ಕೇಕೆ ಹಾಕುವ ಸದ್ದು ಬರುತ್ತಿತ್ತು. ಗುರುಸಿದ್ದವ್ವ ಇನ್ನೂ ಎರಡನೆಯ ಖೋಲಿಗೆ ಕಾಲಿಟ್ಟಿರಲಿಲ್ಲ.